ಹಳೆಯ ಹರಳುಂಗುರ: ಮೊದಲು ಬೆನ್ನು ನೋಡಿ, ಆಮೇಲೆ ಮುಖ

ಪ್ರಶ್ನೆ: ಮುಂದಿನ ಮಾಘದಲ್ಲಿ ನನ್ನ ಮಗಳ ನಿಶ್ಚಿತಾರ್ಥವಿದೆ. ಹೊಸ ಉಂಗುರ ಬೇಡ, ಅಜ್ಜಿಯ ಕಾಲದ ಕೆಂಪಿನ ಉಂಗುರವೇ ಬೇಕೆಂದು ಅವಳು ಹಟ ಹಿಡಿದಿದ್ದಾಳೆ. ಅವೆನ್ಯೂ ರಸ್ತೆಯ ಅಂಗಡಿಯೊಂದರಲ್ಲಿ ಒಂಟಿ ಕೆಂಪು ಹರಳಿನ ಉಂಗುರವನ್ನು ನೋಡಿ ಬಂದಿದ್ದೇವೆ. ಅದು 80 ವರ್ಷ ಹಳೆಯದು, ಹರಳು ಬರ್ಮಾದ ಮಾಣಿಕ್ಯ ಎಂದು ಅಂಗಡಿಯವರು ಹೇಳುತ್ತಾರೆ. ಒಟ್ಟು ತೂಕ 4.2 ಗ್ರಾಂ. ಒಳಗೆ ಯಾವ ಮುದ್ರೆಯೂ ಇಲ್ಲ. ನಂಬಿ ಕೊಳ್ಳಬಹುದೇ? ಏನೇನು ನೋಡಬೇಕು?
— ಓದುಗರೊಬ್ಬರು, ಬಸವನಗುಡಿ

ಉತ್ತರ: ನಿಮ್ಮ ಮಗಳ ಆಸೆ ಒಳ್ಳೆಯ ಆಸೆ, ಅದನ್ನು ನೆರವೇರಿಸಿ. ಆದರೆ ಅಂಗಡಿಯವರು ಒಂದೇ ಉಸಿರಿನಲ್ಲಿ ನಿಮಗೆ ಮೂರು ಮಾತು ಹೇಳಿದ್ದಾರೆ ಎಂಬುದನ್ನು ಗಮನಿಸಿ: ಉಂಗುರ ಹಳೆಯದು, ಹರಳು ಮಾಣಿಕ್ಯ, ಮಾಣಿಕ್ಯ ಬರ್ಮಾದ್ದು. ಇವುಗಳಲ್ಲಿ ಒಂದು ನಿಜವಾದ ಮಾತ್ರಕ್ಕೆ ಇನ್ನೊಂದು ನಿಜವಾಗಬೇಕಿಲ್ಲ. ಹಳೆಯ ಉಂಗುರವೆಂದರೆ ಅದರಲ್ಲಿರುವುದು ಗಣಿಯಿಂದ ಬಂದ ಕಲ್ಲೇ ಆಗಿರುತ್ತದೆ, ಕೃತಕ ಹರಳುಗಳೆಲ್ಲ ಇತ್ತೀಚಿನವು ಎಂಬ ನಂಬಿಕೆ ನಮ್ಮಲ್ಲಿ ಬಹಳ ಜನರಿಗಿದೆ. ಈ ನಂಬಿಕೆ ತಪ್ಪು. ಅಲ್ಯೂಮಿನಾ ಪುಡಿಯನ್ನು ಉರಿಯುವ ಜ್ವಾಲೆಯ ಮೂಲಕ ಉದುರಿಸಿ, ಕರಗಿಸಿ, ಹನಿಹನಿಯಾಗಿ ಮಾಣಿಕ್ಯವನ್ನು ಬೆಳೆಸುವ ವಿಧಾನವನ್ನು ಫ್ರಾನ್ಸಿನ ರಸಾಯನ ವಿಜ್ಞಾನಿ ಓಗುಸ್ತ್ ವೆರ್ನೊಯ್ 1902ರಲ್ಲಿಯೇ ಪ್ರಕಟಿಸಿದ್ದರು. ನೀವು ನೋಡಿದ ಉಂಗುರ ನಿಜಕ್ಕೂ 80 ವರ್ಷದ್ದಾದರೆ, ಅದು ತಯಾರಾಗುವ ಹೊತ್ತಿಗೆ ಕಾರ್ಖಾನೆಯ ಮಾಣಿಕ್ಯ ಮಾರುಕಟ್ಟೆಗೆ ಬಂದು ಎಷ್ಟೋ ವರ್ಷಗಳಾಗಿದ್ದವು. ಆ ಕಾಲದ ಅದೆಷ್ಟೋ ಉಂಗುರಗಳಲ್ಲಿ, ಮಾಡಿಸಿದವರಿಗೂ ತಿಳಿಯದಂತೆ, ಅದೇ ಹರಳು ಕುಳಿತಿದೆ.

ಅಂಗಡಿಗೆ ಮತ್ತೆ ಹೋದಾಗ ಉಂಗುರವನ್ನು ಕೈಗೆ ತೆಗೆದುಕೊಂಡು ಮೊದಲು ತಿರುಗಿಸಿ, ಬೆನ್ನು ನೋಡಿ. ನಮ್ಮ ತಂದೆಯವರು ನಗರ್ತಪೇಟೆಯ ಓಣಿಯೊಂದರಲ್ಲಿ ಕಲ್ಲು ಕಟ್ಟುವ ಕೆಲಸ ಮಾಡುತ್ತಿದ್ದರು. ಯಾರಾದರೂ ಉಂಗುರ ತಂದುಕೊಟ್ಟರೆ ಅವರು ಹರಳಿನ ಮುಖವನ್ನು ಕಟ್ಟಕಡೆಗೆ ನೋಡುತ್ತಿದ್ದರು. ಬೆನ್ನಿನಲ್ಲಿ ಮೊದಲು ಗಮನಿಸಬೇಕಾದದ್ದು, ಹರಳಿನ ಹಿಂಭಾಗ ತೆರೆದಿದೆಯೋ ಚಿನ್ನದಿಂದ ಮುಚ್ಚಿದೆಯೋ ಎಂಬುದು. ತೆರೆದಿದ್ದರೆ ಬೆಳಕು ಹಾಯುತ್ತದೆ, ಕಲ್ಲನ್ನು ಪರೀಕ್ಷಿಸಬಹುದು. ಮುಚ್ಚಿದ್ದರೆ ಕಾಣುವ ಬಣ್ಣ ಕಲ್ಲಿನದೋ, ಅದರ ಕೆಳಗೆ ಇಟ್ಟಿರುವ ರೇಕಿನದೋ (ಹೊಳಪಿನ ತೆಳು ಲೋಹದ ಹಾಳೆ) ಎಂದು ಹೊರಗಿನಿಂದ ಹೇಳುವುದು ಕಷ್ಟ. ಆಗ ಕಲ್ಲಿನ ಬೆಲೆಯನ್ನು ಕಡಿಮೆಯೇ ಎಣಿಸಬೇಕು.

ಎರಡನೆಯದಾಗಿ, ಸವೆತ ನೋಡಿ. ಬೆರಳಿನಲ್ಲಿ ದಶಕಗಳ ಕಾಲ ಇದ್ದ ಉಂಗುರದ ಪಟ್ಟಿ ಅಂಗೈ ಕಡೆಯ ಭಾಗದಲ್ಲಿ ತೆಳುವಾಗಿರುತ್ತದೆ, ಏಕೆಂದರೆ ಬಿಂದಿಗೆಯ ಕಂಠಕ್ಕೂ ಬಾಗಿಲ ಹಿಡಿಗೂ ಬಸ್ಸಿನ ಕಂಬಿಗೂ ಉಜ್ಜುವುದು ಆ ಭಾಗವೇ. ಕೆತ್ತನೆಯ ಉಬ್ಬುಗಳು ನುಣುಪಾಗಿ, ತಗ್ಗುಗಳು ಮಾತ್ರ ಚೂಪಾಗಿ ಉಳಿದಿರುತ್ತವೆ. ಈಗ ಆಂಟಿಕ್ ಫಿನಿಶ್ ಎಂಬ ಹೆಸರಿನಲ್ಲಿ ಹೊಸ ಒಡವೆಗೆ ಕಪ್ಪು ಛಾಯೆ ಕೊಡುವ ಪದ್ಧತಿಯಿದೆ. ಅದನ್ನು ಹಾಗೆಂದು ಹೇಳಿಯೇ ಮಾರಿದರೆ ತಪ್ಪಲ್ಲ. ಆದರೆ ಅಂಥ ಒಡವೆಯಲ್ಲಿ ಕಪ್ಪು ಎಲ್ಲ ಕಡೆಯೂ ಒಂದೇ ಸಮನಾಗಿರುತ್ತದೆ, ಪಟ್ಟಿಯ ದಪ್ಪವೂ ಸುತ್ತಲೂ ಒಂದೇ ಆಗಿರುತ್ತದೆ. ಹಾಗಿದ್ದ ಉಂಗುರವನ್ನು 80 ವರ್ಷದ್ದೆಂದು ನಾನು ಒಪ್ಪುವುದಿಲ್ಲ.

ಇನ್ನು ಹರಳು. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಪ್ರತಿ ಚಿನ್ನದಂಗಡಿಯಲ್ಲೂ ಇರುತ್ತದೆ. ಸಂಕೋಚವಿಲ್ಲದೆ ಕೇಳಿ ಪಡೆದು, ಬಾಗಿಲ ಬಳಿ ಹಗಲು ಬೆಳಕಿನಲ್ಲಿ ನಿಂತು, ಕಲ್ಲನ್ನು ನಿಧಾನವಾಗಿ ಓರೆಯಾಗಿಸುತ್ತ ಅದರ ಒಳಗೆ ನೋಡಿ. ಜ್ವಾಲೆಯಲ್ಲಿ ಬೆಳೆಸಿದ ಮಾಣಿಕ್ಯದಲ್ಲಿ ಗ್ರಾಮಫೋನ್ ತಟ್ಟೆಯ ಗೆರೆಗಳಂತೆ ಬಾಗಿದ ಸೂಕ್ಷ್ಮ ಗೆರೆಗಳಿರುತ್ತವೆ. ಕೆಲವೊಮ್ಮೆ ದುಂಡನೆಯ ಗಾಳಿಗುಳ್ಳೆಗಳೂ ಕಾಣುತ್ತವೆ. ಭೂಮಿಯೊಳಗೆ ಬೆಳೆದ ಮಾಣಿಕ್ಯದ ಗೆರೆಗಳು ನೇರವಾಗಿ ಅಥವಾ ಕೋನಗಳಲ್ಲಿ ಸಾಗುತ್ತವೆಯೇ ಹೊರತು ಬಾಗುವುದಿಲ್ಲ. ರೇಷ್ಮೆ ಎಳೆಗಳಂತಹ ಸಣ್ಣ ಸೂಜಿಗಳು ಒಂದನ್ನೊಂದು ದಾಟಿ ಹೋಗುವುದು ಕಂಡರೆ ಸಂತೋಷಪಡಿ, ಅದು ಒಳ್ಳೆಯ ಗುರುತು. ಒಳಗೆ ಏನೂ ಇಲ್ಲದೆ ತಿಳಿನೀರಿನಂತೆ ಸ್ವಚ್ಛವಾಗಿರುವ, ಗಾತ್ರದಲ್ಲೂ ದೊಡ್ಡದಾದ ಕೆಂಪು ಕಲ್ಲು ಕೈಗೆಟುಕುವ ಬೆಲೆಗೆ ಸಿಕ್ಕರೆ ಮಾತ್ರ ಅನುಮಾನಪಡಬೇಕು.

ಹಳೆಯ ಕಾಲದ ಇನ್ನೊಂದು ನಕಲೂ ಇದೆ. ಮೇಲೆ ಗಾರ್ನೆಟ್ ಎಂಬ ಕೆಂಪು ಕಲ್ಲಿನ ತೆಳುವಾದ ಪದರ, ಕೆಳಗೆ ಬಣ್ಣದ ಗಾಜು, ಎರಡನ್ನೂ ಬೆಸೆದು ಒಂದೇ ಹರಳಿನಂತೆ ಸಾಣೆ ಹಿಡಿದಿರುತ್ತಾರೆ. ಇದನ್ನು ಪತ್ತೆ ಮಾಡಲು ಬಿಳಿಯ ಹಾಳೆ ಸಾಕು. ಹಿಂಭಾಗ ತೆರೆದ ಉಂಗುರವಾದರೆ ಹರಳಿನ ಮುಖ ಕೆಳಗಾಗುವಂತೆ ಹಾಳೆಯ ಮೇಲಿಟ್ಟು ಮೇಲಿನಿಂದ ನೋಡಿ. ಗಾಜು ನೀಲಿ ಅಥವಾ ಹಸಿರಾಗಿದ್ದರೆ ಕಲ್ಲಿನ ಅಂಚಿನ ಸುತ್ತ ಕೆಂಪು ಬಳೆಯೊಂದು ಎದ್ದು ಕಾಣುತ್ತದೆ. ನಿಮ್ಮ ಹರಳೇ ಕೆಂಪಾದ್ದರಿಂದ ಈ ಪರೀಕ್ಷೆ ನಿಮಗೆ ಅಷ್ಟು ನೆರವಾಗದು. ಪಕ್ಕದಿಂದ ನೋಡಿ, ಎರಡು ಪದರ ಕೂಡುವಲ್ಲಿ ಹೊಳಪು ಬದಲಾಗುತ್ತದೆಯೇ ಎಂದು ಗಮನಿಸಿ. ಬರಿಯ ಗಾಜಾದರೆ ಅಷ್ಟು ವರ್ಷದ ಬಳಕೆಯಲ್ಲಿ ಸಾಣೆಯ ಅಂಚುಗಳೆಲ್ಲ ಸವೆದು ಮೊಂಡಾಗಿರುತ್ತವೆ. ಮಾಣಿಕ್ಯದ ಗಡಸುತನ ಮೋಸ್ ಮಾಪನದಲ್ಲಿ 9. ನಮ್ಮ ಊರಿನ ಧೂಳಿನಲ್ಲಿರುವ ಮರಳಿನ ಕಣದ್ದು 7. ಆದ್ದರಿಂದ ಧೂಳು ಗಾಜನ್ನು ಸವೆಸುತ್ತದೆ, ಮಾಣಿಕ್ಯವನ್ನು ಸವೆಸಲಾರದು.

ಇಲ್ಲಿ ನನ್ನದೇ ಅನುಭವವೊಂದನ್ನು ಹೇಳಬೇಕು. ಸುಮಾರು 15 ವರ್ಷಗಳ ಹಿಂದೆ ತಂಗಿಗೆಂದು ದಂಡು ಪ್ರದೇಶದ ಅಂಗಡಿಯೊಂದರಲ್ಲಿ ಕೆಂಪಿನ ಉಂಗುರ ಕೊಂಡೆ. ಒಳಭಾಗದಲ್ಲಿ 15 ಮತ್ತು .625 ಎಂಬ ಅಂಕಿಗಳಿದ್ದವು. ಬ್ರಿಟನ್ನಿನಲ್ಲಿ 15 ಕ್ಯಾರೆಟ್ ದರ್ಜೆಯನ್ನು 1932ರಲ್ಲಿ ಕೈಬಿಟ್ಟಿದ್ದರಿಂದ ಉಂಗುರ ಅದಕ್ಕಿಂತ ಹಿಂದಿನದೆಂದು ತಿಳಿದು, ಕಲ್ಲೂ ಅಷ್ಟೇ ಹಳೆಯದೆಂದು ನಂಬಿದೆ. ಅಳತೆ ಸರಿಪಡಿಸಲು ಅಕ್ಕಸಾಲಿಗರು ಪಟ್ಟಿಗೆ ಬೆಂಕಿ ತಾಗಿಸುತ್ತಿದ್ದಂತೆ ಹರಳು ನನ್ನ ಕಣ್ಣೆದುರೇ ಮಂಕಾಗಿ, ಮೇಲೆಲ್ಲ ಬಿಳಿಯ ಬಲೆಯಂತೆ ಬಿರುಕು ಕಾಣಿಸಿಕೊಂಡಿತು. ಕಳಪೆ ಮಾಣಿಕ್ಯದ ಬಿರುಕುಗಳಿಗೆ ಸೀಸದ ಗಾಜು ತುಂಬಿ ಮೆರುಗು ಕೊಟ್ಟ ಹರಳು ಅದು. ಇಂಥ ಹರಳುಗಳು ಮಾರುಕಟ್ಟೆಯಲ್ಲಿ ಹರಡಿದ್ದು 2004ರ ಆಸುಪಾಸಿನಿಂದ. ಅವು ಬೆಂಕಿಯನ್ನಷ್ಟೇ ಅಲ್ಲ, ನಿಂಬೆರಸವನ್ನೂ ತಾಳಲಾರವು. ಉಂಗುರ ನಿಜವಾಗಿಯೂ ಹಳೆಯದು, ಹರಳು ಮಾತ್ರ ಯಾರೋ ಬದಲಿಸಿದ್ದು. ಆ ದಿನವೇ ಬೆನ್ನು ತಿರುಗಿಸಿ ನೋಡಿದ್ದರೆ, ಹರಳನ್ನು ಹಿಡಿದ ನಾಲ್ಕು ಕೊಕ್ಕೆಗಳ ಮೇಲೆ ಹೊಸದಾಗಿ ಅರ ತಿಕ್ಕಿದ ಹೊಳಪಿನ ಗುರುತುಗಳೂ, ಹರಳಿಗಿಂತ ಕೊಂಚ ಅಗಲವಾಗಿದ್ದ ಗುಳಿಯೂ ಕಾಣುತ್ತಿದ್ದವು. ನಿಮ್ಮ ಉಂಗುರದಲ್ಲಿ ಈ ಎರಡನ್ನೂ ತಪ್ಪದೆ ನೋಡಿ.

ಮುದ್ರೆಯ ವಿಷಯ. ನಮ್ಮ ದೇಶದಲ್ಲಿ ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ಹಾಲ್‌ಮಾರ್ಕ್ ಆರಂಭವಾದದ್ದೇ 2000ದಲ್ಲಿ. ಆದ್ದರಿಂದ 80 ವರ್ಷದ ಉಂಗುರದಲ್ಲಿ ಹಳೆಯ ಮುದ್ರೆ ಇಲ್ಲದಿರುವುದು ಸಹಜ, ಅದು ದೋಷವಲ್ಲ. ಆದರೆ ಇಂದು ಅಂಗಡಿಯವರು ಅದನ್ನು ನಿಮಗೆ ಮಾರುವಾಗ ಇಂದಿನ ನಿಯಮ ಅನ್ವಯಿಸುತ್ತದೆ. 2021ರ ಜೂನ್ 16ರಿಂದ ಹಾಲ್‌ಮಾರ್ಕ್ ಕಡ್ಡಾಯವಾಗಿದೆ, 2023ರ ಏಪ್ರಿಲ್ 1ರಿಂದ ಪ್ರತಿ ಒಡವೆಗೂ ಬೇರೆಯಾಗಿರುವ, ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಸಂಖ್ಯೆ ಇಲ್ಲದ ಚಿನ್ನದ ಒಡವೆಯನ್ನು ಅಂಗಡಿಯವರು ಮಾರುವಂತಿಲ್ಲ. ಎರಡು ಗ್ರಾಂಗಿಂತ ಕಡಿಮೆ ತೂಕದವು, ಕುಂದಣದ ಒಡವೆಗಳು ಮುಂತಾದವುಗಳಿಗೆ ವಿನಾಯಿತಿಯಿದೆ. ನಿಮ್ಮದು ಕೊಕ್ಕೆ ಹಿಡಿದ 4.2 ಗ್ರಾಂನ ಉಂಗುರವಾದರೆ, ಪರೀಕ್ಷಾ ಕೇಂದ್ರಕ್ಕೆ ಕಳುಹಿಸಿ ಮುದ್ರೆ ಹಾಕಿಸಿಕೊಡಿ ಎಂದು ಧೈರ್ಯವಾಗಿ ಕೇಳಿ. ಆ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ನೀವೇ ಪರಿಶೀಲಿಸಬಹುದು. ಆ ಮುದ್ರೆ ಚಿನ್ನದ ಶುದ್ಧತೆಗೆ ಮಾತ್ರ ಸಾಕ್ಷಿ, ಹರಳಿಗಲ್ಲ ಎಂಬುದು ನೆನಪಿರಲಿ. ಹಳೆಯ ಚಿನ್ನವೆಲ್ಲ 22 ಕ್ಯಾರೆಟ್ ಎಂದೂ ಭಾವಿಸಬೇಡಿ. ಮೊರಾರ್ಜಿ ದೇಸಾಯಿಯವರು ಹಣಕಾಸು ಸಚಿವರಾಗಿದ್ದ 1963ರಲ್ಲಿ ಚಿನ್ನ ನಿಯಂತ್ರಣ ನಿಯಮ ಬಂದು, 14 ಕ್ಯಾರೆಟ್ಟಿಗಿಂತ ಹೆಚ್ಚಿನ ಶುದ್ಧತೆಯ ಹೊಸ ಒಡವೆ ಮಾಡುವುದಕ್ಕೆ ನಿಷೇಧವಿತ್ತು. ಎಷ್ಟೋ ಅಕ್ಕಸಾಲಿಗರ ಮನೆಯ ಒಲೆ ಆರಿದ ಕಾಲವದು. ಆಗಿನ ಉಂಗುರಗಳು ಇಂದಿಗೂ ಕೈ ಬದಲಾಗುತ್ತಿವೆ.

ಬೆಲೆ ಕಟ್ಟುವಾಗ ಒಟ್ಟು ತೂಕ ಮತ್ತು ನಿವ್ವಳ ಚಿನ್ನದ ತೂಕವನ್ನು ಬೇರೆ ಬೇರೆಯಾಗಿ ಬರೆಸಿಕೊಳ್ಳಿ. ಹರಳಿನ ವಿಷಯದಲ್ಲಿ ಕ್ಯಾರೆಟ್ ಎಂದರೆ ಶುದ್ಧತೆಯಲ್ಲ, ತೂಕ. ಒಂದು ಕ್ಯಾರೆಟ್ ಹರಳಿನ ತೂಕ 0.2 ಗ್ರಾಂ. ನಿಮ್ಮ ಹರಳು ಒಂದೂವರೆ ಕ್ಯಾರೆಟ್ ಎಂದಿಟ್ಟುಕೊಂಡರೆ ಅದರ ತೂಕ 0.3 ಗ್ರಾಂ, ಚಿನ್ನ 3.9 ಗ್ರಾಂ. ಚಿನ್ನದ ದರ ಆ 3.9 ಗ್ರಾಂಗೆ ಮಾತ್ರ ಅನ್ವಯಿಸಬೇಕು, ಹರಳಿಗೆ ಬೇರೆಯೇ ಬೆಲೆಯಿರಬೇಕು. ಬಿಲ್ಲಿನಲ್ಲಿ ಹರಳಿನ ಹೆಸರು, ಅದು ಸಹಜವೋ ಕೃತಕವೋ, ಗಾಜು ತುಂಬಿದ್ದೋ ಅಲ್ಲವೋ ಎಂಬುದನ್ನು ಬರೆದುಕೊಡಲು ಹೇಳಿ. ರತ್ನ ಪರೀಕ್ಷಾ ಪ್ರಯೋಗಾಲಯದ ವರದಿ ಇದಕ್ಕೆ ವಿರುದ್ಧವಾಗಿ ಬಂದರೆ ಹಣ ಹಿಂದಿರುಗಿಸುವುದಾಗಿಯೂ ಬರೆಸಿಕೊಳ್ಳಿ. ಬರೆದುಕೊಡಲು ಹಿಂಜರಿಯುವ ಅಂಗಡಿಯಿಂದ ಎದ್ದು ಬರುವುದರಲ್ಲಿ ತಪ್ಪೇನೂ ಇಲ್ಲ. ಬರ್ಮಾ ಎಂಬ ಮಾತಿಗೆ, ಸುಸಜ್ಜಿತ ಪ್ರಯೋಗಾಲಯವು ಮೂಲದ ಬಗ್ಗೆ ಲಿಖಿತ ಅಭಿಪ್ರಾಯ ಕೊಡುವವರೆಗೆ, ಒಂದು ರೂಪಾಯಿಯನ್ನೂ ಹೆಚ್ಚು ಕೊಡಬೇಡಿ. ಬರಿಗಣ್ಣಿನ ನೋಟದಿಂದ ಅದನ್ನು ಯಾರೂ ಖಚಿತವಾಗಿ ಹೇಳಲಾರರು. ಬ್ರಿಟನ್ನಿನ ರಾಜಕಿರೀಟದಲ್ಲಿ ಶತಮಾನಗಳ ಕಾಲ ಮಾಣಿಕ್ಯವೆಂದು ಮೆರೆದ ಬ್ಲ್ಯಾಕ್ ಪ್ರಿನ್ಸ್ ರೂಬಿ ಕೂಡ ವಾಸ್ತವವಾಗಿ ಸ್ಪೈನೆಲ್ ಎಂಬ ಬೇರೊಂದು ಕಲ್ಲು.

ಕೊನೆಗೆ ಹರಳು ಕೃತಕವೆಂದೇ ತಿಳಿದುಬಂದು, ಉಂಗುರದ ಕೆಲಸ ಮಗಳಿಗೆ ಬಹಳ ಹಿಡಿಸಿದ್ದರೆ, ಕೃತಕ ಹರಳಿನ ಬೆಲೆಗೇ ಕೊಂಡು ಸಂತೋಷವಾಗಿ ತೊಡಿಸಿ. ಹಳೆಯ ಕೆಲಸಗಾರನ ಕೈಚಳಕಕ್ಕೆ ತನ್ನದೇ ಆದ ಬೆಲೆಯಿದೆ, ಅದನ್ನು ಕೊಡಲು ನಾನಂತೂ ಹಿಂದೆಗೆಯುವುದಿಲ್ಲ. ದಿನನಿತ್ಯ ತೊಡುವುದಾದರೆ ಮಾಣಿಕ್ಯ ಮತ್ತು ನೀಲ ನಿಶ್ಚಿಂತೆಯ ಆಯ್ಕೆ. ಪಚ್ಚೆ ಗಡಸಾದರೂ ಒಳಬಿರುಕುಗಳಿಂದಾಗಿ ಪೆಟ್ಟು ತಾಳದು. ಮುತ್ತು ಹವಳಗಳನ್ನು ಹಬ್ಬಹುಣ್ಣಿಮೆಗಳಿಗೆ ಇಟ್ಟುಕೊಳ್ಳುವುದು ಲೇಸು.

ಪ್ರಶ್ನೆ: ಸೋದರತ್ತೆಯವರು ನನಗೆ ಕೊಟ್ಟ ಏಳು ಕೆಂಪಿನ ಹಳೆಯ ಉಂಗುರವನ್ನು ಗೌರಿಹಬ್ಬಕ್ಕೆಂದು ಅಂಟುವಾಳದ ನೀರಿನಲ್ಲಿ ನೆನೆಸಿ ತೊಳೆದೆ. ಚಿನ್ನ ಫಳಫಳ ಹೊಳೆಯಿತು, ಆದರೆ ಎರಡು ಹರಳು ಕಂದಿ ಕಪ್ಪಾಗಿವೆ. ಅವು ನಕಲಿಯೇ?
— ಓದುಗರೊಬ್ಬರು, ಮಲ್ಲೇಶ್ವರ

ಉತ್ತರ: ನಕಲಿ ಎಂದು ನೊಂದುಕೊಳ್ಳಬೇಡಿ, ಬಹುಶಃ ಹರಳುಗಳಿಗೆ ಏನೂ ಆಗಿಲ್ಲ. ನಿಮ್ಮದು ಬೆನ್ನು ಮುಚ್ಚಿದ ಕುಂದಣದ ಉಂಗುರವೆಂದು ತೋರುತ್ತದೆ. ಇಂಥ ಕೆಲಸದಲ್ಲಿ ಗುಳಿಯೊಳಗೆ ಅರಗು ತುಂಬಿ, ಅದರ ಮೇಲೆ ಹೊಳಪಿನ ರೇಕು ಇಟ್ಟು, ಹರಳು ಕೂರಿಸಿ, ಸುತ್ತಲೂ ಅಪ್ಪಟ ಚಿನ್ನದ ತೆಳುಹಾಳೆಯನ್ನು ಬೆಂಕಿಯಿಲ್ಲದೆ ಒತ್ತಿ ಒತ್ತಿ ಭದ್ರಪಡಿಸುತ್ತಾರೆ. ಹರಳಿನೊಳಗೆ ಹೋದ ಬೆಳಕನ್ನು ಹಿಂದಕ್ಕೆ ಚಿಮ್ಮಿಸುವುದು ಆ ರೇಕು. ಅಂಚಿನ ಸಂದಿನಿಂದ ನೀರು ಇಳಿದರೆ ರೇಕು ಕಪ್ಪಾಗುತ್ತದೆ, ಹರಳೂ ಸತ್ತಂತೆ ಕಾಣುತ್ತದೆ. ನಮ್ಮ ಮನೆಗಳಲ್ಲಿ ಬಳೆ, ಸರಗಳಿಗೆ ಅಂಟುವಾಳ ಬಳಸುವುದು ಒಳ್ಳೆಯ ಪದ್ಧತಿಯೇ, ಆದರೆ ಬೆನ್ನು ಮುಚ್ಚಿದ ಹರಳಿಗೆ ಒಣಗಿದ ಮೆತ್ತನೆಯ ಬಟ್ಟೆಯೊಂದೇ ಸಾಕು.

ಅದನ್ನು ಬಿಸಿಲಿಗಾಗಲಿ ಹೇರ್ ಡ್ರೈಯರ್ ಮುಂದಾಗಲಿ ಇಡಬೇಡಿ, ಅರಗು ಮೆತ್ತಗಾಗಿ ಹರಳು ಜಾರುತ್ತದೆ. ಕುಂದಣದ ಕೆಲಸ ಬಲ್ಲವರನ್ನೇ ಹುಡುಕಿ, ರೇಕು ಬದಲಿಸಿ ಅವೇ ಹರಳುಗಳನ್ನು ಮತ್ತೆ ಕೂರಿಸುವಂತೆ ಹೇಳಿ. ಉಂಗುರವನ್ನು ಕೊಡುವ ಮುನ್ನ ಏಳೂ ಹರಳುಗಳು ಕಾಣುವಂತೆ ಹತ್ತಿರದಿಂದ ಫೋಟೊ ತೆಗೆದುಕೊಂಡು, ಹರಳಿನ ಸಂಖ್ಯೆ ಮತ್ತು ತೂಕವನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ಹೊಸ ಹರಳು ಹಾಕಿಕೊಡುತ್ತೇನೆ ಎಂದರೆ ದಯವಿಟ್ಟು ಒಪ್ಪಬೇಡಿ.

ಪ್ರಶ್ನೆ: ನನ್ನ ಯಜಮಾನರು ಪರಿಚಿತರಿಂದ ಹಳೆಯ ನೀಲದ ಉಂಗುರವನ್ನು ಕಡಿಮೆ ಬೆಲೆಗೆ ಕೊಳ್ಳಬೇಕೆಂದಿದ್ದಾರೆ. ಬೇರೆಯವರು ತೊಟ್ಟ ನೀಲ ಮನೆಗೆ ಬೇಡವೆಂದು ಅತ್ತೆಯವರು ಹೇಳುತ್ತಾರೆ. ಏನು ಮಾಡಲಿ?
— ಓದುಗರೊಬ್ಬರು, ರಾಜಾಜಿನಗರ

ಉತ್ತರ: ನೀಲ ಎಲ್ಲರಿಗೂ ಆಗಿಬರುವುದಿಲ್ಲ ಎಂಬ ನಂಬಿಕೆ ನಮ್ಮಲ್ಲಿ ಆಳವಾಗಿ ಬೇರೂರಿದೆ. ಖನಿಜವಾಗಿ ನೋಡಿದರೆ ನೀಲವೂ ಮಾಣಿಕ್ಯವೂ ಕುರುವಿಂದ ಎಂಬ ಒಂದೇ ಖನಿಜದ ಎರಡು ಬಣ್ಣಗಳು: ಕ್ರೋಮಿಯಂ ಸೇರಿದಾಗ ಕೆಂಪು, ಕಬ್ಬಿಣ ಮತ್ತು ಟೈಟಾನಿಯಂ ಸೇರಿದಾಗ ನೀಲಿ. ಹಾಗೆಂದು ಅತ್ತೆಯವರೊಂದಿಗೆ ವಾದಕ್ಕಿಳಿಯಿರಿ ಎಂದು ನಾನು ಹೇಳಲಾರೆ. ಮನೆಯ ಹಿರಿಯರ ಮನಸ್ಸಿಗೆ ಕಿರಿಕಿರಿ ತರುವ ಉಂಗುರ ಬೀರುವಿನಲ್ಲೇ ಉಳಿಯುತ್ತದೆ, ಅದಕ್ಕೆ ಹಣ ಹಾಕುವುದು ನನಗೆ ಸರಿಯೆನಿಸುವುದಿಲ್ಲ. ಅವರ ಒಪ್ಪಿಗೆ ಸಿಕ್ಕರೂ ಬೆಲೆ ಏಕೆ ಕಡಿಮೆ ಎಂದು ವಿಚಾರಿಸಿ, ಏಕೆಂದರೆ ಕೃತಕ ನೀಲವೂ ನೂರು ವರ್ಷಕ್ಕಿಂತ ಹಿಂದಿನಿಂದ ಮಾರುಕಟ್ಟೆಯಲ್ಲಿದೆ. ಕಲ್ಲು ನೀಲದಂತೆಯೇ ಕಾಣುವ ಟಾಂಜನೈಟ್ ಎಂದೇನಾದರೂ ಹೇಳಿದರೆ, ಆ ಕಲ್ಲು ಟಾಂಜಾನಿಯಾದಲ್ಲಿ ಪತ್ತೆಯಾದದ್ದೇ 1967ರಲ್ಲಿ ಎಂಬುದು ನಿಮಗೆ ತಿಳಿದಿರಲಿ. ಅದಕ್ಕಿಂತ ಹಳೆಯ ಉಂಗುರದಲ್ಲಿ ಅದು ಮೊದಲಿನಿಂದಲೂ ಇರಲು ಸಾಧ್ಯವಿಲ್ಲ.

ಪ್ರಶ್ನೆ: ನಮ್ಮ ಮುತ್ತಜ್ಜಿಯ ಪಚ್ಚೆಯ ಉಂಗುರವನ್ನು ಅಮೆರಿಕದಲ್ಲಿರುವ ಸೊಸೆಗೆ ಕಳುಹಿಸಬೇಕೆಂದಿದ್ದೇನೆ. ಅವಳ ಬೆರಳಿಗೆ ಅದು ಸಡಿಲವಾಗುತ್ತದೆ. ಇಲ್ಲಿಯೇ ಚಿಕ್ಕದು ಮಾಡಿಸಿ ಕಳುಹಿಸಲೇ?
— ಓದುಗರೊಬ್ಬರು, ಜಯನಗರ

ಉತ್ತರ: ಅಳತೆಗಿಂತ ಮೊದಲು ಕಾನೂನು ನೋಡಬೇಕು. 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯ್ದೆಯ ಪ್ರಕಾರ, 100 ವರ್ಷಕ್ಕೆ ಕಡಿಮೆಯಿಲ್ಲದಷ್ಟು ಹಳೆಯದಾದ ಇಂಥ ವಸ್ತುವನ್ನು ಪುರಾವಸ್ತುವೆಂದು ಪರಿಗಣಿಸಬಹುದು, ಪುರಾವಸ್ತುವನ್ನು ಖಾಸಗಿಯವರು ದೇಶದ ಹೊರಗೆ ಕಳುಹಿಸುವಂತಿಲ್ಲ. ಮುತ್ತಜ್ಜಿಯ ಉಂಗುರವೆಂದರೆ ಆ ವಯಸ್ಸಿನ ಆಸುಪಾಸಿನದೇ. ಅಂಚೆಯಲ್ಲೋ ಯಾರದೋ ಕೈಯಲ್ಲೋ ಕಳುಹಿಸುವ ಮುನ್ನ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯನ್ನು ವಿಚಾರಿಸಿ. ಪುರಾವಸ್ತುವಲ್ಲವೆಂದು ತೀರ್ಮಾನವಾದರೆ ಹಾಗೆಂದು ಪ್ರಮಾಣಪತ್ರ ಕೊಡುವ ವ್ಯವಸ್ಥೆ ಅಲ್ಲಿದೆ. ಸಾಧ್ಯವಾಗದಿದ್ದರೆ ಸೊಸೆ ಊರಿಗೆ ಬಂದಾಗ ಇಲ್ಲಿ ತೊಡಲೆಂದು ಜೋಪಾನವಾಗಿಡಿ.

ಚಿಕ್ಕದು ಮಾಡಿಸುವ ಬಗ್ಗೆ ಹೇಳುವುದಾದರೆ, ಪಚ್ಚೆಯ ಒಳಬಿರುಕುಗಳಿಗೆ ಎಣ್ಣೆ ಕುಡಿಸುವುದು ಹಳೆಯ ವಾಡಿಕೆ. ಬೆಂಕಿ ತಾಗಿದರೆ ಆ ಎಣ್ಣೆ ಆರಿ ಬಿರುಕುಗಳು ಬಯಲಾಗುತ್ತವೆ, ಕಲ್ಲು ಒಡೆಯಲೂಬಹುದು. ಹರಳನ್ನು ಬಿಚ್ಚಿಟ್ಟು ಬೆಸುಗೆ ಹಾಕಲು ಒಪ್ಪುವವರಿಗೆ ಮಾತ್ರ ಕೆಲಸ ಕೊಡಿ, ಯಂತ್ರದ ಕಂಪನದಲ್ಲಿ ತೊಳೆಯುವುದು ಬೇಡವೆಂದೂ ತಿಳಿಸಿ. ನನ್ನನ್ನು ಕೇಳಿದರೆ ಪಟ್ಟಿಯನ್ನು ಕತ್ತರಿಸುವುದೇ ಬೇಡ. ಅಂಗೈ ಕಡೆಯ ಒಳಭಾಗಕ್ಕೆ ದಾರ ಸುತ್ತಿ ಬಿಗಿ ಮಾಡಿಕೊಳ್ಳುವುದು ನಮ್ಮ ಅಜ್ಜಿಯರ ಕ್ರಮ, ಅದರಿಂದ ಚಿನ್ನವೂ ಸವೆಯದು. ಅಳತೆ ತೆಗೆದುಕೊಳ್ಳುವುದಾದರೆ ಸಂಜೆಯ ಹೊತ್ತು ತೆಗೆದುಕೊಳ್ಳಿ, ಬೆಳಗಿನ ಚಳಿಯಲ್ಲಿ ಬೆರಳು ಸಣ್ಣದಾಗಿರುತ್ತದೆ.